ಕೈ ತಲುಪುವಷ್ಟು ದೂರ

— ನೀನು ಕಣ್ಣು ಮುಚ್ಚಿಕೊಂಡು ಕೂತಿದ್ದೆ, ನಿದ್ದೆ ಹತ್ತಿರಬೇಕು ಅಂತ ಮಾತಾಡಿಸಲಿಲ್ಲ. ತಗೋ, ಕಾಫಿ. ಕೆಳಗಿನ ಕ್ಯಾಂಟೀನಿನದು. ಬಿಸಿಯಾಗಂತೂ ಇದೆ.

— ನಿದ್ದೆ ಅಲ್ಲ ಚಿಕ್ಕಮ್ಮ. ಹೇಳಿದರೆ ನಗಬಾರದು.

— ನಗೋ ಹೊತ್ತಾ ಇದು? ಹೇಳು.

— ಅಪ್ಪನ ಹಾಸಿಗೆ ಎಲ್ಲಿದೆ ಅಂತ ಸಂಜೆಯೇ ಲೆಕ್ಕ ಹಾಕಿಕೊಂಡಿದ್ದೆ. ಈ ಗೋಡೆಯ ಆಚೆ, ಬಾಗಿಲಿಂದ ನಾಲ್ಕನೆಯದು. ಅವರ ಹೃದಯವನ್ನೇ ಮನಸ್ಸಿನೊಳಗೆ ಹಿಡಿದುಕೊಂಡು, ಸಮವಾಗಿ ಬಡಿ, ನಿಧಾನವಾಗಿ ಬಡಿ ಅಂತ ಹೇಳ್ತಾ ಕೂತಿದ್ದೀನಿ. ಹನ್ನೊಂದು ಗಂಟೆಯಿಂದ. ಪ್ರಾರ್ಥನೆ ಅಲ್ಲ ಇದು, ದೇವರನ್ನ ಏನೂ ಕೇಳ್ತಿಲ್ಲ. ನಾನೇ ನೇರವಾಗಿ ಕಳಿಸ್ತಾ ಇದ್ದೀನಿ.

— ಯಾರಾದರೂ ಹೇಳಿಕೊಟ್ಟರಾ?

— ಇಲ್ಲ. ಆಂಜಿಯೋಗ್ರಾಂ ಮಾಡಿ ಮೂರು ಕಡೆ ಬ್ಲಾಕ್ ಇದೆ ಅಂದ ದಿನದಿಂದ ರಾತ್ರಿ ಕಣ್ಣು ಹತ್ತುತ್ತಿರಲಿಲ್ಲ. ಓದೋಕೆ ಶುರು ಮಾಡಿದೆ. ಮನಸ್ಸಿನ ಬಲದಿಂದಲೇ ವಸ್ತುಗಳನ್ನ ಅಲ್ಲಾಡಿಸೋದಕ್ಕೆ ಸೈಕೋಕೈನೆಸಿಸ್ ಅಂತಾರಲ್ಲ, ಅದರದೇ ಒಂದು ಕವಲು ಜೀವಿಗಳಿಗೆ ಸಂಬಂಧಿಸಿದ್ದು. ಚಮಚ ಬಗ್ಗಿಸೋದು, ದಾಳ ಉರುಳಿಸೋದು ಅಲ್ಲ. ಇಲಿಯ ಗಾಯ, ಬೀಜದ ಮೊಳಕೆ, ಮನುಷ್ಯರ ರಕ್ತಕಣ. ವಿಶ್ವವಿದ್ಯಾಲಯಗಳಲ್ಲೇ ಪ್ರಯೋಗ ನಡೆದಿವೆ. ನೀವು ಮೂವತ್ತು ವರ್ಷ ಫಿಸಿಯಾಲಜಿ ಪಾಠ ಮಾಡಿದವರು, ಇಲಿಗಳ ಜೊತೆಗೇ ಬದುಕಿದವರು. ನೀವೇ ಹೇಳಿ. ತಲುಪುತ್ತಾ?

— ಮೊದಲು ಏನು ಓದಿದೆ ಅದನ್ನ ಹೇಳು.

— ಬರ್ನಾರ್ಡ್ ಗ್ರಾಡ್ ಅನ್ನೋರು. ಕೆನಡಾದ ಮಾಂಟ್ರಿಯಲ್, ಮೆಕ್‌ಗಿಲ್ ವಿಶ್ವವಿದ್ಯಾಲಯ.

— ಸರಿಯಾದ ಕಡೆಯಿಂದಲೇ ಶುರು ಮಾಡಿದ್ದೀಯ. ಆ ಮನುಷ್ಯನ ಬಗ್ಗೆ ನನಗೆ ಗೌರವ ಇದೆ. ಹಂಗೇರಿಯ ಅಶ್ವದಳದಲ್ಲಿ ಅಧಿಕಾರಿಯಾಗಿದ್ದ ಆಸ್ಕರ್ ಎಸ್ತೆಬಾನಿ ಅನ್ನೋರು ಅಲ್ಲಿನ ದಂಗೆಯ ನಂತರ ಕೆನಡಾಕ್ಕೆ ಬಂದಿದ್ದರು. ದಣಿದ ಕುದುರೆಗಳ ಮೈ ತಿಕ್ಕುವಾಗ, ತನ್ನ ಕೈ ಬಿದ್ದರೆ ಅವು ಬೇಗ ಚೇತರಿಸಿಕೊಳ್ಳುತ್ತವೆ ಅಂತ ಅವರಿಗೆ ಅನ್ನಿಸಿತ್ತು. ಅದನ್ನೇ ಇಲಿಗಳ ಮೇಲೆ ಪರೀಕ್ಷಿಸೋಣ ಅಂದರು ಗ್ರಾಡ್. ಇಲಿಗಳ ಬೆನ್ನಿನ ಮೇಲೆ ಒಂದೇ ಅಳತೆಯ ಚರ್ಮ ತೆಗೆದು, ಪಂಜರಗಳನ್ನ ಕಾಗದದ ಚೀಲದೊಳಗಿಟ್ಟು, ಒಂದು ಗುಂಪಿನ ಪಂಜರದ ಸುತ್ತ ಎಸ್ತೆಬಾನಿ ಕೈ ಹಿಡಿದು ಕೂರಬೇಕು. ಒಂದು ಗುಂಪಿಗೆ ಏನೂ ಇಲ್ಲ. ಇನ್ನೊಂದು ಗುಂಪಿಗೆ, ಇಂಥ ಶಕ್ತಿ ತಮಗಿದೆ ಅಂತ ಹೇಳಿಕೊಳ್ಳದ ವೈದ್ಯಕೀಯ ವಿದ್ಯಾರ್ಥಿಗಳ ಕೈ.

— ಮುನ್ನೂರು ಇಲಿಗಳು. 1961ರಲ್ಲಿ ಪ್ರಕಟವಾಯಿತು. ಎಸ್ತೆಬಾನಿ ಕೈ ಹಿಡಿದ ಇಲಿಗಳ ಗಾಯ ಬೇಗ ಕೂಡಿತು.

— ಹೌದು, ಹಾಗಂತ ಬರೆದರು. ಅವರ ಇನ್ನೊಂದು ಪ್ರಯೋಗದಲ್ಲಿ ಕೈಯ ಕಾವಿನ ಪ್ರಭಾವ ಇರಬಹುದು ಅಂತ ಪಂಜರಗಳಿಗೆ ವಿದ್ಯುತ್ ಪಟ್ಟಿ ಸುತ್ತಿ ಕಾವು ಕೊಟ್ಟು ಕೂಡ ನೋಡಿದ್ದರು. ತನ್ನ ಮೇಲೆ ಬರಬಹುದಾದ ಪ್ರಶ್ನೆಯನ್ನ ತಾನೇ ಮೊದಲು ಕೇಳಿಕೊಳ್ಳೋದು ಎಲ್ಲರಿಗೂ ಬರೋದಿಲ್ಲ. ಆದರೆ ನಿನಗೆ ನಾನು ಇನ್ನೊಬ್ಬರ ಕೈ ಬಗ್ಗೆ ಹೇಳಬೇಕು.

— ಯಾರದು?

— ನಮ್ಮ ಕಾಲೇಜಿನ ಅನಿಮಲ್ ಹೌಸ್‌ನ ಅಟೆಂಡರದು. ನಾನು ಹೊಸದಾಗಿ ಸೇರಿದಾಗ ಡಿಸೆಂಬರ್ ತಿಂಗಳು, ಬೆಳಗಿನ ಚಳಿ. ಪಂಜರದೊಳಗೆ ಕೈ ಹಾಕಿದೆ, ಇಲಿ ಕಚ್ಚಿತು. ಮರುದಿನವೂ ಕಚ್ಚಿತು. ಅವರು ಪಕ್ಕಕ್ಕೆ ಬಂದು, 'ಮೇಡಂ, ಕೈ ತಣ್ಣಗಿದೆ, ಉಜ್ಜಿಕೊಂಡು ಹಾಕಿ' ಅಂದರು. ಅಷ್ಟೇ ಅಲ್ಲ. ಬಾಲ ಹಿಡಿದು ಎತ್ತಬೇಡಿ, ಬೊಗಸೆ ಮಾಡಿ, ಅದೇ ಹತ್ತಲಿ ಅಂದರು. ಅವರು ಎತ್ತಿದರೆ ಇಲಿಗಳು ಅಂಗೈಯಲ್ಲೇ ಮುಖ ತೊಳೆದುಕೊಳ್ಳುತ್ತಾ ಕೂರ್ತಿದ್ದವು. ನಮ್ಮಲ್ಲಿ ಎಲ್ಲರೂ, ಅವರ ಮನಸ್ಸು ಒಳ್ಳೇದು, ಇಲಿಗೂ ಅದು ಗೊತ್ತಾಗುತ್ತೆ ಅಂತಿದ್ದರು.

— ಗೊತ್ತಾಗ್ತಿತ್ತಲ್ಲ!

— ಗೊತ್ತಾಗ್ತಿತ್ತು. ಯಾವ ದಾರಿಯಿಂದ ಅನ್ನೋದೇ ಪ್ರಶ್ನೆ. ಬಾಲ ಹಿಡಿದು ಎತ್ತಿದ ಇಲಿ ಹೆದರುತ್ತೆ, ಬೊಗಸೆಯಲ್ಲಿ ಎತ್ತಿದ ಇಲಿ ಅಷ್ಟು ಹೆದರಲ್ಲ ಅಂತ ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯದವರು 2010ರಲ್ಲಿ ಅಳೆದು ತೋರಿಸಿದರು. ನಮ್ಮ ಅಟೆಂಡರಿಗೆ ಅದು ಅದಕ್ಕೂ ಎಷ್ಟೋ ಮುಂಚೆ ಗೊತ್ತಿತ್ತು. ಹೆದರಿದ ಪ್ರಾಣಿಯ ರಕ್ತದಲ್ಲಿ ಕಾರ್ಟಿಸೋಲ್ ತರಹದ ಹಾರ್ಮೋನುಗಳು ಏರುತ್ತವೆ. ಅವು ಏರಿದರೆ ಗಾಯ ಕೂಡೋದು ನಿಧಾನ. ಈಗ ಗ್ರಾಡ್ ಅವರ ಇಲಿಗಳನ್ನ ನೆನಪಿಸಿಕೋ. ಒಂದು ಕಡೆ ಆಯುಷ್ಯದ ಬಹುಪಾಲನ್ನ ಕುದುರೆಗಳ ನಡುವೆ ಕಳೆದ, ಪ್ರಾಣಿಯ ಪಕ್ಕ ಅಲ್ಲಾಡದೆ ಕೂರೋದು ಗೊತ್ತಿರೋ ಮನುಷ್ಯ. ಇನ್ನೊಂದು ಕಡೆ ಯಾವಾಗ ಮುಗಿಯುತ್ತೋ ಅಂತ ಕೂತ ವಿದ್ಯಾರ್ಥಿಗಳು.

— ಎಸ್ತೆಬಾನಿ ಇಲಿಗಳನ್ನ ಮುಟ್ಟಲಿಲ್ಲ ಚಿಕ್ಕಮ್ಮ. ಪಂಜರದ ಹೊರಗೆ ಕೈ ಇದ್ದದ್ದು.

— ವಾಸನೆಗೆ ಪಂಜರ ಅಡ್ಡ ಬರುತ್ತಾ? ಅದೇ ಮೆಕ್‌ಗಿಲ್‌ನಲ್ಲಿ, ಗ್ರಾಡ್ ಆದ ಅರ್ಧ ಶತಮಾನದ ಮೇಲೆ, ಜೆಫ್ರಿ ಮೊಗಿಲ್ ಅವರ ತಂಡ ನೋವಿನ ಅಧ್ಯಯನ ಮಾಡ್ತಿತ್ತು. ಕೋಣೆಯಲ್ಲಿ ಗಂಡಸೊಬ್ಬ ಇದ್ದರೆ ಇಲಿಗಳು ನೋವನ್ನ ಕಡಿಮೆ ತೋರಿಸ್ತಿದ್ದವು. ಹೆಂಗಸು ಇದ್ದರೆ ಹಾಗಾಗ್ತಿರಲಿಲ್ಲ. ಗಂಡಸು ಬರೋದೇ ಬೇಡ, ರಾತ್ರಿಯಿಡೀ ತೊಟ್ಟ ಅವನ ಟೀ ಶರ್ಟ್ ಪಕ್ಕದಲ್ಲಿದ್ದರೂ ಸಾಕು. ಅಷ್ಟು ವಾಸನೆಗೇ ಇಲಿಯ ಮೈಯಲ್ಲಿ ಒತ್ತಡ ಏರ್ತಿತ್ತು, ಆ ಒತ್ತಡವೇ ನೋವನ್ನ ಮರೆಸ್ತಿತ್ತು. 2014ರಲ್ಲಿ ಅದನ್ನ ಪ್ರಕಟಿಸಿದಾಗ ನಾನು ರಿಟೈರಾಗಿದ್ದೆ. ಓದಿ ಎಷ್ಟೋ ಹೊತ್ತು ಸುಮ್ಮನೆ ಕೂತಿದ್ದೆ. ನಾವು ಮಾಡಿಸಿದ ಎಷ್ಟು ಪ್ರಾಕ್ಟಿಕಲ್‌ಗಳಲ್ಲಿ, ಬಾಗಿಲು ತೆಗೆದು ಯಾರು ಬಂದರು, ಯಾರು ಹೋದರು ಅಂತ ಬರೆದಿಟ್ಟಿದ್ದೆವು? ಒಂದರಲ್ಲೂ ಇಲ್ಲ.

— ಅಂದರೆ ಗ್ರಾಡ್ ಅವರದ್ದೂ ವಾಸನೆಯೇ ಅಂತೀರಾ?

— ಹಾಗೆ ಅಂದರೆ ನಾನೂ ಸುಳ್ಳು ಹೇಳಿದ ಹಾಗೆ. ಅಲ್ಲಿ ಏನಾಯಿತು ಅಂತ ಇಷ್ಟು ವರ್ಷದ ಮೇಲೆ ಯಾರೂ ಖಚಿತವಾಗಿ ಹೇಳೋಕಾಗಲ್ಲ. ನಾನು ಹೇಳ್ತಿರೋದು, ಮನಸ್ಸಿಗೂ ಇಲಿಗೂ ನಡುವೆ ಮೂಗಿದೆ, ಚರ್ಮ ಇದೆ, ಕಿವಿ ಇದೆ. ಅವನ್ನೆಲ್ಲ ಒಂದೊಂದಾಗಿ ಮುಚ್ಚಿದ ಮೇಲೂ ಏನಾದರೂ ದಾಟಿದರೆ ಮಾತ್ರ ಅದು ನೀನು ಹೇಳೋ ಬಲ.

— ಬಾರ್ಲಿಗೆ ಮೂಗಿಲ್ಲ.

— ಇಲ್ಲ.

— ಅದನ್ನೂ ಗ್ರಾಡ್ ಮಾಡಿದರು. ಮೊಳಕೆಯನ್ನ ಕುಗ್ಗಿಸೋ ಉಪ್ಪುನೀರಿನ ಬಾಟಲಿಯನ್ನ ಎಸ್ತೆಬಾನಿ ಕೈಯಲ್ಲಿ ಹಿಡಿದಿರೋದು, ಆಮೇಲೆ ಆ ನೀರನ್ನ ಬೀಜಕ್ಕೆ ಹಾಕೋದು. ಹಾಗೆ ನೀರು ಕುಡಿದ ಸಸಿಗಳು ಎತ್ತರ ಬೆಳೆದವು. ಅಲ್ಲಿ ಯಾವ ಪ್ರಾಣಿ ಹೆದರಬೇಕು?

— ಅದರ ಮುಂದಿನದನ್ನ ಓದಿದೆಯಾ? ಖಿನ್ನತೆಯಿಂದ ಆಸ್ಪತ್ರೆ ಸೇರಿದ್ದ ಇಬ್ಬರ ಕೈಗೂ, ಗಿಡ ಬೆಳೆಸೋದರಲ್ಲಿ ಕೈಗುಣ ಇದೆ ಅನ್ನಿಸಿಕೊಂಡ ಒಬ್ಬರ ಕೈಗೂ ಅದೇ ಬಾಟಲಿ ಕೊಟ್ಟರು. ಖಿನ್ನರಾದವರ ಕೈಯ ನೀರು ಸಸಿಯನ್ನ ಕುಗ್ಗಿಸಬೇಕು ಅನ್ನೋದು ಅವರ ಊಹೆ. ಇಬ್ಬರಲ್ಲಿ ಒಬ್ಬ ಹೆಣ್ಣುಮಗಳು ಇದು ಯಾಕೆ ಅಂತ ಕೇಳಿದಳು. ಹೇಳಿದ ಕೂಡಲೇ ಅವಳ ಮುಖ ಅರಳಿತು. ಮಗುವನ್ನ ಹಿಡಿದ ಹಾಗೆ ಬಾಟಲಿಯನ್ನ ಮಡಿಲಲ್ಲಿಟ್ಟುಕೊಂಡು ಕೂತಳು. ಅವಳ ನೀರಿನ ಸಸಿಗಳು ಚೆನ್ನಾಗಿಯೇ ಬಂದವು.

— ಎಷ್ಟು ಚೆನ್ನಾಗಿದೆ ಅದು!

— ಚೆನ್ನಾಗಿದೆ. ನನ್ನ ಕಣ್ಣಿಗೂ ಆ ಹೆಣ್ಣುಮಗಳು ಕಟ್ಟುತ್ತಾಳೆ. ಅದಕ್ಕೇ ಹುಷಾರಾಗಿರಬೇಕು. ಮೂರು ಜನ, ಮೂರು ಬಾಟಲಿ. ಊಹೆಯಂತೆ ಬಂದರೆ ಸಿದ್ಧಾಂತ ಗೆದ್ದಿತು. ಬರದಿದ್ದರೆ ಅವಳ ಮನಸ್ಸು ಆ ಹೊತ್ತಿಗೆ ಬದಲಾಗಿತ್ತು ಅಂತ ಕಾರಣ. ಹೇಗೆ ಬಂದರೂ ಗೆಲ್ಲೋ ಪ್ರಯೋಗದಿಂದ ನಾವು ಏನು ಕಲಿತ ಹಾಗಾಯಿತು? ಕ್ಲೀವ್ ಬ್ಯಾಕ್‌ಸ್ಟರ್ ಗಿಡದ ಎಲೆಗೆ ಸುಳ್ಳು ಪತ್ತೆ ಯಂತ್ರ ಕಟ್ಟಿದ್ದು ಗೊತ್ತಲ್ಲ, 1966ರಲ್ಲಿ?

— ಎಲೆ ಸುಡಬೇಕು ಅಂತ ಅಂದುಕೊಂಡ ಕ್ಷಣವೇ ಮುಳ್ಳು ನೆಗೆಯಿತು ಅಂತ.

— ಅದೇ. ಆಮೇಲೆ ಪುಟ್ಟ ಸೀಗಡಿಗಳನ್ನ ಕುದಿಯೋ ನೀರಿಗೆ ಬೀಳಿಸಿದರೂ ಪಕ್ಕದ ಗಿಡ ಮಿಡಿಯುತ್ತೆ ಅಂದರು. ಕಾರ್ನೆಲ್ ವಿಶ್ವವಿದ್ಯಾಲಯದವರು ಇನ್ನಷ್ಟು ಬಿಗಿಯಾಗಿ ಅದನ್ನೇ ಮಾಡಿ ನೋಡಿದರು, ಏನೂ ಸಿಗಲಿಲ್ಲ, 1975ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದರು. ನಮ್ಮಲ್ಲಿ ಎಷ್ಟೋ ಜನ ಈ ಮನುಷ್ಯನನ್ನೂ ಜಗದೀಶ್ ಚಂದ್ರ ಬೋಸರನ್ನೂ ಒಂದೇ ಉಸಿರಿನಲ್ಲಿ ಹೇಳ್ತಾರೆ, ನನಗೆ ತುಂಬಾ ಬೇಜಾರು. ಬೋಸರು ಗಿಡವನ್ನ ಚುಚ್ಚಿದರು, ಕಾಯಿಸಿದರು, ಮತ್ತಿನ ಔಷಧಿ ಕೊಟ್ಟು ನೋಡಿದರು. ಅದು ಮಿಡಿದದ್ದನ್ನ ಕ್ರೆಸ್ಕೋಗ್ರಾಫ್‌ನಂಥ ಯಂತ್ರ ಕಟ್ಟಿ, ಸಭೆಯ ಮುಂದೆ ಎಲ್ಲರ ಕಣ್ಣಿಗೆ ಕಾಣೋ ಹಾಗೆ ತೋರಿಸಿದರು. ನೋಡೋರ ಮನಸ್ಸು ಹೇಗಿರಬೇಕು ಅಂತ ಅವರೇನೂ ಷರತ್ತು ಹಾಕಲಿಲ್ಲ.

— ಸರಿ, ಗಿಡ ಬಿಡೋಣ. ಮನುಷ್ಯರು? ಅಮೆರಿಕದ ಟೆಕ್ಸಾಸ್, ಸ್ಯಾನ್ ಆಂಟೋನಿಯೋ. ವಿಲಿಯಂ ಬ್ರಾಡ್ ಮತ್ತೆ ಮೆರಿಲಿನ್ ಶ್ಲಿಟ್ಜ್. ಒಂದು ಕೋಣೆಯಲ್ಲಿ ಒಬ್ಬರು ಸುಮ್ಮನೆ ಕೂತಿರ್ತಾರೆ, ಬೆರಳಿಗೆ ಎಲೆಕ್ಟ್ರೋಡ್. ದೂರದ ಇನ್ನೊಂದು ಕೋಣೆಯಲ್ಲಿ ಇನ್ನೊಬ್ಬರು. ಚೀಟಿ ಎತ್ತಿದ ಹಾಗೆ ಬರೋ ಸರದಿಯಲ್ಲಿ ಅವರು ಒಂದಿಷ್ಟು ಹೊತ್ತು 'ಶಾಂತವಾಗು' ಅಂತ ನೆನೆಯಬೇಕು, ಒಂದಿಷ್ಟು ಹೊತ್ತು 'ಎಚ್ಚರವಾಗು' ಅಂತ. ಇಲ್ಲಿ ಮೂಗೂ ಇಲ್ಲ, ಕಿವಿಯೂ ಇಲ್ಲ, ಎಲ್ಲಾ ದಾರಿನೂ ಮುಚ್ಚಿದೆ. ಆದರೂ ಚರ್ಮದ ವಿದ್ಯುತ್ತಿನಲ್ಲಿ ವ್ಯತ್ಯಾಸ ಬಂತು. ನಾನು ಮಾಡ್ತಿರೋದು ಹೆಚ್ಚುಕಮ್ಮಿ ಇದೇ ಅಲ್ವಾ? ಗೋಡೆ, ಗೋಡೆಯಾಚೆ ಒಬ್ಬರು.

— ಹೌದು. ಇದೇ. ಇದನ್ನ ಹಗುರವಾಗಿ ತಳ್ಳಿಹಾಕೋಕಾಗಲ್ಲ. ತುಂಬಾ ಜನ ಇದನ್ನ ಮತ್ತೆ ಮಾಡಿದರು. 2004ರಲ್ಲಿ ಸ್ಟೆಫಾನ್ ಶ್ಮಿಟ್ ಮತ್ತು ಸಂಗಡಿಗರು ಅಂಥ 36 ಅಧ್ಯಯನಗಳನ್ನ ಒಟ್ಟು ಹಾಕಿ ಲೆಕ್ಕ ಮಾಡಿದರು. ಇವರೇನೂ ವಿರೋಧಿಗಳಲ್ಲ, ಈ ವಿಷಯದಲ್ಲಿ ಆಸಕ್ತಿ ಇದ್ದವರೇ. ಪರಿಣಾಮದ ಗಾತ್ರ 0.11 ಬಂತು.

— ಸಣ್ಣದು, ಆದರೆ ಸೊನ್ನೆ ಅಲ್ಲ.

— ಸೊನ್ನೆ ಅಲ್ಲ. ಆಮೇಲೆ ಅವರೇ ಆ 36ರಲ್ಲಿ ಅತ್ಯಂತ ಅಚ್ಚುಕಟ್ಟಾಗಿ ಮಾಡಿದ ಏಳನ್ನ ಬೇರೆ ತೆಗೆದು ನೋಡಿದರು. 0.05ಕ್ಕೆ ಇಳೀತು. ಏನೂ ಇಲ್ಲದೆ ಆಕಸ್ಮಿಕವಾಗಿಯೂ ಬರಬಹುದಾದಷ್ಟು. ಜ್ವರ ನೋಡೋ ಥರ್ಮಾಮೀಟರ್ ಒಳ್ಳೇದಾದಷ್ಟೂ ಜ್ವರ ಚೆನ್ನಾಗಿ ಕಾಣಬೇಕು. ಇಲ್ಲಿ ಅಳತೆ ಒಳ್ಳೇದಾದಷ್ಟೂ ಅಳೆಯಬೇಕಾದ್ದೇ ಕರಗ್ತಾ ಹೋಯಿತು. ನನ್ನ ಮನಸ್ಸು ತಿರುಗಿದ್ದು ಅಲ್ಲಿ. ಯಾವುದೋ ಒಂದು ಪ್ರಯೋಗ ಸೋತಿದ್ದರಿಂದ ಅಲ್ಲ, ಹೀಗೆ ಕರಗೋದನ್ನ ನೋಡಿ.

— ವೈಸ್‌ಮನ್ ಕಥೆ? ಅದನ್ನ ಹೇಗೆ ಬಿಡಿಸ್ತೀರಿ? ರಿಚರ್ಡ್ ವೈಸ್‌ಮನ್ ನಂಬದವರು, ಶ್ಲಿಟ್ಜ್ ನಂಬಿದವರು. ಇಬ್ಬರೂ ಒಂದೇ ಪ್ರಯೋಗಾಲಯ, ಒಂದೇ ಯಂತ್ರ, ಒಂದೇ ವಿಧಾನ ಇಟ್ಟುಕೊಂಡರು. ಯಾರೋ ದೂರದಿಂದ ದಿಟ್ಟಿಸಿದರೆ ಮೈಗೆ ಗೊತ್ತಾಗುತ್ತಾ ಅನ್ನೋ ಪ್ರಯೋಗ. ಶ್ಲಿಟ್ಜ್ ಮಾಡಿದಾಗ ಬಂತು, ವೈಸ್‌ಮನ್ ಮಾಡಿದಾಗ ಬರಲಿಲ್ಲ.

— 1997ರಲ್ಲಿ ಬರೆದರು. ಎರಡನೇ ಸಲ ಮಾಡಿದಾಗಲೂ ಹಾಗೇ ಆಯಿತು. ನನಗೂ ಅದು ತುಂಬಾ ದಿನ ಕಾಡಿದೆ. ಒಬ್ಬರನ್ನೊಬ್ಬರು ಒಪ್ಪದ ಇಬ್ಬರು, ಬೈಗುಳ ಬಿಟ್ಟು ಒಟ್ಟಿಗೆ ಕೂತು ಕೆಲಸ ಮಾಡಿದರಲ್ಲ, ವಿಜ್ಞಾನದಲ್ಲಿ ನನಗೆ ತೀರಾ ಇಷ್ಟವಾದ ಪ್ರಸಂಗಗಳಲ್ಲಿ ಅದೊಂದು. ವ್ಯತ್ಯಾಸ ಎಲ್ಲಿಂದ ಬರ್ತಿದೆ ಅಂತ ಹುಡುಕೋಕೆ ಮೂರನೇ ಸಲವೂ ಕೂಡಿ ಮಾಡಿದರು. 2006ರಲ್ಲಿ ಅದು ಬಂತು. ಈ ಸಲ ಯಾರ ಕೈಯಲ್ಲೂ ಏನೂ ಕಾಣಲಿಲ್ಲ.

— ಆ ಮೂರನೆಯದರ ಬಗ್ಗೆ ನಾನು ಓದಲಿಲ್ಲ.

— ಹೆಚ್ಚಾಗಿ ಯಾರೂ ಅಲ್ಲಿವರೆಗೆ ಓದೋದಿಲ್ಲ. ಮೊದಲ ಎರಡು ಬೆರಗು ಹುಟ್ಟಿಸ್ತವೆ, ಅವು ಪುಸ್ತಕ ಸೇರ್ತವೆ. ಇನ್ನೊಂದು ಇದೆ. ನಾರ್ತ್ ಕೆರೊಲಿನಾದ ಡರಮ್‌ನಲ್ಲಿ ಜೆ.ಬಿ. ರೈನ್ ಕಟ್ಟಿದ ಸಂಸ್ಥೆಯಲ್ಲಿ ಇಲಿಗಳ ಮೇಲೆ ಕೆಲಸ. ಇಲಿಯ ಮಿದುಳಿಗೆ ಸುಖ ಕೊಡೋ ವಿದ್ಯುತ್ತು, ಅದು ಬರೋದು ಬಿಡೋದು ಯಂತ್ರದ ಆಕಸ್ಮಿಕಕ್ಕೆ ಬಿಟ್ಟದ್ದು. ಇಲಿ ತನ್ನ ಮನಸ್ಸಿನಿಂದಲೇ ಯಂತ್ರವನ್ನ ತನ್ನ ಕಡೆ ವಾಲಿಸಿಕೊಳ್ಳುತ್ತಾ? ನೂರಕ್ಕೆ ಐವತ್ತು ಬರಬೇಕಾದಲ್ಲಿ 54 ಬರ್ತಿತ್ತು. ಅಲ್ಲಿನ ಯುವ ನಿರ್ದೇಶಕರು ಯಂತ್ರದ ಹತ್ತಿರ ಸುಳಿದಾಡೋದನ್ನ ಕಂಡು, ಜೊತೆಗೆ ಕೆಲಸ ಮಾಡ್ತಿದ್ದ ಹುಡುಗರೇ ಗುಟ್ಟಾಗಿ ಇನ್ನೊಂದು ತಂತಿ ಎಳೆದು ಬೇರೆ ದಾಖಲೆ ಇಟ್ಟರು. ಅದರಲ್ಲಿ ಐವತ್ತೇ ಇತ್ತು. 1974. ರೈನ್ ಅದನ್ನ ಮುಚ್ಚಿಡಲಿಲ್ಲ, ತಮ್ಮ ಪತ್ರಿಕೆಯಲ್ಲೇ ಬರೆದರು. ಜೀವಮಾನವನ್ನೇ ಒಂದು ವಿಷಯಕ್ಕೆ ಕೊಟ್ಟವರು ತಮ್ಮ ಮನೆಯ ಕಳ್ಳತನವನ್ನ ತಾವೇ ಬೀದಿಗೆ ಹೇಳೋದು ಸಣ್ಣ ಮಾತಲ್ಲ. ಇದನ್ನ ಯಾಕೆ ಹೇಳಿದೆ ಅಂದರೆ, ಈ ದಾರಿಯಲ್ಲಿ ಹೋದವರೆಲ್ಲ ಮೋಸಗಾರರು ಅಂತ ನೀನು ತಿಳ್ಕೋಬಾರದು. ಹೆಚ್ಚಿನವರು ನಿಜವಾಗಿ ಕೇಳಿದವರು.

— ನಿಜವಾಗಿ ಕೇಳಿದವರಿಗೂ ಇಲ್ಲ ಅಂತಲೇ ಉತ್ತರ ಬಂತಾ?

— ಬಂದ ಉತ್ತರ ಬೇರೆ. ರಾಬರ್ಟ್ ರೋಸೆಂಥಾಲ್ ಅನ್ನೋ ಮನಶ್ಶಾಸ್ತ್ರಜ್ಞರು 1963ರಲ್ಲಿ ಹನ್ನೆರಡು ವಿದ್ಯಾರ್ಥಿಗಳಿಗೆ ಐದೈದು ಇಲಿ ಹಂಚಿದರು. ಅರ್ಧ ಜನಕ್ಕೆ, ನಿಮ್ಮವು ಜಾಣ ತಳಿ, ದಾರಿ ಬೇಗ ಕಲೀತವೆ ಅಂದರು. ಇನ್ನರ್ಧಕ್ಕೆ, ನಿಮ್ಮವು ದಡ್ಡ ತಳಿ ಅಂದರು. ಎಲ್ಲಾ ಒಂದೇ ತಳಿ, ಸುಮ್ಮನೆ ಹಂಚಿದ್ದು. ಜಾಣ ಅಂತ ಹೆಸರು ಹೊತ್ತ ಇಲಿಗಳು ನಿಜವಾಗಿಯೂ ಚೆನ್ನಾಗಿ ಕಲಿತವು. ಮನಸ್ಸಿನಲ್ಲಿ ಇದ್ದದ್ದು ಇಲಿಗೆ ತಲುಪಿತು. ಆಮೇಲೆ ವಿದ್ಯಾರ್ಥಿಗಳನ್ನ ಕೇಳಿದರೆ, ಜಾಣ ಇಲಿಗಳನ್ನ ಹೆಚ್ಚು ಸಲ, ಹೆಚ್ಚು ಮೆತ್ತಗೆ ಎತ್ತಿಕೊಳ್ತಿದ್ದೆವು ಅಂತ ಅವರೇ ಹೇಳಿದರು. ನೋಡು, ದಾರಿ ಸಿಕ್ಕಿತು. ಬೆರಳು.

— ಬೆರಳಿನ ಹೊರತು?

— ನ್ಯೂಯಾರ್ಕಿನಲ್ಲಿ ಡೊಲೊರೆಸ್ ಕ್ರೀಗರ್ ಅನ್ನೋ ನರ್ಸಿಂಗ್ ಪ್ರಾಧ್ಯಾಪಕಿ ಇದೇ ಎಸ್ತೆಬಾನಿಯವರ ಕೆಲಸ ನೋಡಿ ಪ್ರೇರಣೆ ಪಡೆದವರು. ರೋಗಿಯ ಮೈ ಮುಟ್ಟದೆ, ಮೇಲೆ ಕೈಯಾಡಿಸಿ ವಾಸಿ ಮಾಡೋ ಪದ್ಧತಿಯನ್ನ ಸಾವಿರಾರು ನರ್ಸ್‌ಗಳಿಗೆ ಕಲಿಸಿದರು. ಅದಕ್ಕೆ ವಿವರಣೆ ಬೇಕಾದಾಗ ಅವರು ಕೈ ಚಾಚಿದ್ದು ನಮ್ಮ 'ಪ್ರಾಣ' ಅನ್ನೋ ಮಾತಿಗೇ. ಒಂಬತ್ತು ವರ್ಷದ ಹುಡುಗಿ, ಎಮಿಲಿ ರೋಸಾ, ಶಾಲೆಯ ವಿಜ್ಞಾನ ಮೇಳಕ್ಕೆ ಒಂದು ರಟ್ಟಿನ ಪರದೆ ಮಾಡಿದಳು. ಈ ಪದ್ಧತಿ ಮಾಡೋರು ಆಚೆ ಕೂತು ಎರಡೂ ಕೈಯನ್ನ ತೂತಿನಿಂದ ಈಚೆ ಚಾಚಬೇಕು. ಇವಳು ನಾಣ್ಯ ಚಿಮ್ಮಿ ಒಂದರ ಮೇಲೆ ತನ್ನ ಅಂಗೈ ಹಿಡಿಯೋದು. ಯಾವ ಕೈ ಮೇಲೆ ಇದೆ ಹೇಳಿ? 21 ಮಂದಿ, 280 ಸಲ, ಸರಿ ಹೇಳಿದ್ದು 123. ಕಣ್ಣು ಮುಚ್ಚಿ ಊಹೆ ಮಾಡಿದರೂ 140 ಸಿಗಬೇಕಿತ್ತು. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂತು.

— ಚಿಕ್ಕಮ್ಮ, ಹೃದಯದ ಮೇಲೆ ಯಾರೂ ಮಾಡಿಲ್ವಾ?

— ಮಾಡಿದ್ದಾರೆ.

— ಹೇಳಿ.

— ಇವತ್ತು ಬೇಡ.

— ಇವತ್ತೇ ಬೇಕು. ಇವತ್ತಿಗೇ ಬೇಕಾಗಿರೋದು.

— ... ನಿಮ್ಮಪ್ಪನ ಹಾಗೆ ಬೈಪಾಸ್ ಮಾಡಿಸಿಕೊಂಡವರ ಮೇಲೇ ಮಾಡಿದ್ದು. ಹಾರ್ವರ್ಡ್‌ನ ಹರ್ಬರ್ಟ್ ಬೆನ್ಸನ್ ಅವರ ನೇತೃತ್ವ, ಆರು ಆಸ್ಪತ್ರೆ, 1802 ರೋಗಿಗಳು. 2006ರಲ್ಲಿ ಪ್ರಕಟವಾಯಿತು. ಮೂರು ಗುಂಪು. ಎರಡು ಗುಂಪಿಗೆ, ನಿಮಗಾಗಿ ಪ್ರಾರ್ಥನೆ ನಡೆಯಬಹುದು, ನಡೆಯದೆಯೂ ಇರಬಹುದು ಅಂತ ಹೇಳಿದ್ದರು. ಅದರಲ್ಲಿ ಒಂದಕ್ಕೆ ನಡೀತು, ಇನ್ನೊಂದಕ್ಕೆ ನಡೆಯಲಿಲ್ಲ. ಪ್ರಾರ್ಥಿಸಿದವರು ದೂರದಲ್ಲಿದ್ದ ಕ್ರೈಸ್ತ ಗುಂಪುಗಳು. ಅವರ ಕೈಯಲ್ಲಿ ಇದ್ದದ್ದು ರೋಗಿಯ ಹೆಸರು, ಮನೆತನದ ಹೆಸರಿನ ಮೊದಲಕ್ಷರ, ಅಷ್ಟೇ. ಹದಿನಾಲ್ಕು ದಿನ. ಆಪರೇಷನ್ ಆದ ಮೂವತ್ತು ದಿನದೊಳಗೆ ತೊಡಕು ಕಂಡದ್ದು ಒಂದರಲ್ಲಿ ನೂರಕ್ಕೆ 52, ಇನ್ನೊಂದರಲ್ಲಿ 51.

— ಯಾವ ವ್ಯತ್ಯಾಸವೂ ಇಲ್ಲ.

— ಇಲ್ಲ.

— ಮೂರನೇ ಗುಂಪು?

— ಅವರಿಗೆ, ನಿಮಗಾಗಿ ಖಂಡಿತ ಪ್ರಾರ್ಥನೆ ನಡೀತಿದೆ ಅಂತ ಹೇಳಿದ್ದರು. ನಡೀತು ಕೂಡ. ಅವರಲ್ಲಿ ನೂರಕ್ಕೆ 59.

— ಹೆಚ್ಚು?

— ಹೆಚ್ಚು. ಬಹುಪಾಲು ಹೃದಯದ ಲಯ ತಪ್ಪಿದ್ದು. ಯಾಕೆ ಅಂತ ಗಟ್ಟಿಯಾಗಿ ಯಾರೂ ಹೇಳಿಲ್ಲ. ನನಗಷ್ಟು ಕಾಯಿಲೆಯಾ, ಪ್ರಾರ್ಥನೆ ಮಾಡೋರನ್ನೂ ಕರೆಸಬೇಕಾಯಿತಾ ಅಂತ ಒಳಗೊಳಗೆ ಹೆದರಿರಬಹುದು ಅಂತ ಆ ಸಂಶೋಧಕರಲ್ಲೇ ಕೆಲವರು ಅಂದುಕೊಂಡರು. ಬರೀ ಆಕಸ್ಮಿಕವೂ ಇರಬಹುದು.

— ಆದರೆ ಆ ರೋಗಿಗಳಿಗೂ ಹೆಂಡತಿ ಮಕ್ಕಳು ಇದ್ದರಲ್ಲ? ಅವರೆಲ್ಲ ನನ್ನ ಹಾಗೆ ಬೆಂಚಿನ ಮೇಲೆ ಕೂತಿದ್ದಿರಬೇಕು. ಮೂರೂ ಗುಂಪಿನಲ್ಲಿ.

— ಒಳ್ಳೇ ಪ್ರಶ್ನೆ. ಅದನ್ನ ಅವರೂ ಬರೆದಿದ್ದಾರೆ. ಮನೆಯವರ ಪ್ರಾರ್ಥನೆಯನ್ನ ಯಾರೂ ತಡೀಲಿಲ್ಲ, ತಡೀಬಾರದು ಕೂಡ. ಹಾಗಾಗಿ ಅಳೆದದ್ದು ಅಪರಿಚಿತರದ್ದನ್ನ ಮಾತ್ರ. ಮಗನದ್ದು ತಲುಪುತ್ತೋ ಇಲ್ಲವೋ ಅಂತ ಆ ಅಧ್ಯಯನ ಹೇಳೋದಿಲ್ಲ. ಅದು ಹೇಳದೇ ಇರೋದನ್ನ ನಾನು ಹೇಳಿಸೋದಿಲ್ಲ.

— ಹಾಗಾದರೆ ಒಂದು ಸಂದು ಉಳೀತು.

— ಉಳೀತು. ಯಾಕೋ, ಕಣ್ಣಲ್ಲಿ ನೀರು?

— ಒಂದೂವರೆ ಹೊತ್ತಿಗೆ ನಿಜವಾಗಿ ನಿದ್ದೆ ಹೋಗಿಬಿಟ್ಟೆ ಚಿಕ್ಕಮ್ಮ. ಎಷ್ಟು ಹೊತ್ತೋ. ಎಚ್ಚರ ಆದಾಗ ಒಳಗಿಂದ ಯಾವುದೋ ಮಾನಿಟರ್ ಕೂಗ್ತಿತ್ತು. ಸಿಸ್ಟರ್ ಓಡಿದರು. ಅಪ್ಪನದ್ದೇ, ನಾನು ಬಿಟ್ಟಿದ್ದಕ್ಕೇ ಅಂತ ಅನ್ನಿಸ್ತು. ಕೈಕಾಲು ತಣ್ಣಗಾಗಿ ಹೋಯಿತು. ಆಮೇಲೆ ಸಿಸ್ಟರ್ ಬಂದು ಬೇರೆ ಪೇಷೆಂಟ್ ಅಂದರು. ಆಗಿಂದ ಮತ್ತೆ ನಿದ್ದೆ ಹತ್ತುತ್ತೋ ಅಂತ ಭಯ.

— ಅಯ್ಯೋ ಮಗನೇ. ಇದನ್ನ ಮೊದಲೇ ಹೇಳಬಾರದಿತ್ತಾ? ನಾನು 0.11, 0.05 ಅಂತ ಕೂತಿದ್ದೀನಿ.

— ಸಂದು ಇದ್ದರೆ ನಾನು ಬಿಡೋಕಾಗಲ್ಲ ಅಲ್ವಾ? ನನ್ನಿಂದ ಆಗೋದನ್ನ ನಾನು ಮಾಡದೆ ಹೋದರೆ?

— ಕೇಳು. ನನಗೆ ಹತ್ತು ವರ್ಷ, ನಿಮ್ಮಮ್ಮನಿಗೆ ಹದಿಮೂರು. ಊರಲ್ಲಿ ನಮ್ಮ ಮನೆಯ ಎದುರು ಗಂಡ ಸತ್ತ ಒಬ್ಬರು ಇದ್ದರು. ಮಕ್ಕಳಿಲ್ಲ. ನಮ್ಮನೆ ಹಸು ಕರು ಹಾಕಿದಾಗ ನೋಡೋಕೆ ಬಂದರು. ಕೆಚ್ಚಲು ನೋಡಿ, ಎಷ್ಟು ತುಂಬಿಕೊಂಡಿದೆ ಅಂತ ಸಂತೋಷಪಟ್ಟರು. ಮೂರನೇ ದಿನ ಹಸು ಹಾಲು ಬಿಡಲಿಲ್ಲ, ಒದೆಯೋಕೆ ಶುರು ಮಾಡಿತು. ಕಣ್ಣು ಬಿತ್ತು ಅಂದರು. ಮೆಣಸಿನಕಾಯಿ ಉಪ್ಪು ಇಳಿ ತೆಗೆದರು. ಅಲ್ಲಿಗೆ ನಿಂತಿದ್ದರೆ ಸರಿ. ಆಮೇಲೆ ಅವರು ನಮ್ಮ ಬೀದಿಯಲ್ಲಿ ಬಂದರೆ ಬಾಗಿಲು ಹಾಕೋರು. ಮದುವೆ ಮನೆಗೆ ಕರೀಲಿಲ್ಲ. ಒಂದು ದಿನ ಅವರು ಕೈಯಲ್ಲಿ ಕೋಡುಬಳೆ ಹಿಡಿದು ನನ್ನ ಹೆಸರು ಕೂಗಿದರು. ನಾನು ಒಳಗೆ ಓಡಿಹೋದೆ. ಕಿಟಕಿಯಿಂದ ನೋಡಿದೆ, ಕೋಡುಬಳೆ ಹಿಡಿದುಕೊಂಡು ಹಾಗೇ ನಿಂತಿದ್ದರು.

— ಹಸುವಿಗೆ ಏನಾಗಿತ್ತು?

— ಕೆಚ್ಚಲು ಬಾವು. ಪಶುವೈದ್ಯರು ಬಂದು ಸೂಜಿ ಹಾಕಿದರು, ವಾಸಿಯಾಯಿತು. ಅವರ ಮೇಲೆ ಬಂದ ಮಾತು ವಾಸಿಯಾಗಲಿಲ್ಲ. ನಾನು ಫಿಸಿಯಾಲಜಿ ಓದಿ, ಊರಿಗೆ ಹೋಗಿ ಅವರ ಹತ್ತಿರ ತಪ್ಪಾಯಿತು ಅಂತ ಹೇಳಬೇಕು ಅನ್ನೋ ಹೊತ್ತಿಗೆ ಅವರು ಇರಲಿಲ್ಲ.

— ಇದನ್ನ ಯಾವತ್ತೂ ಹೇಳಿರಲಿಲ್ಲ ನೀವು.

— ಹೇಳೋ ವಿಷಯ ಅಲ್ಲ. ಇವತ್ತು ಹೇಳಬೇಕಾಯಿತು. ದಾರಿ ಇಲ್ಲದೆ ಮನಸ್ಸು ಇನ್ನೊಂದು ಮೈಯನ್ನ ತಲುಪುತ್ತೆ ಅಂತ ಒಪ್ಪಿಕೊಂಡರೆ, ಒಳ್ಳೇದು ಮಾತ್ರ ತಲುಪುತ್ತೆ ಅಂತ ಹೇಗೆ ಹೇಳ್ತೀಯ? ವಾಸಿ ಮಾಡೋ ದೃಷ್ಟಿ ಇದೆ ಅಂದರೆ ಹಾಳು ಮಾಡೋ ದೃಷ್ಟಿನೂ ಇದೆ. ಆಗ ಹಸು ಹಾಲು ಬಿಡದಿದ್ದರೆ ಎದುರು ಮನೆಯವಳ ಕಣ್ಣು ಕಾರಣ ಆಗುತ್ತೆ. ಮಾನಿಟರ್ ಕೂಗಿದರೆ ನಿನ್ನ ನಿದ್ದೆ ಕಾರಣ ಆಗುತ್ತೆ. ತಪ್ಪೇ ಮಾಡದವರ ತಲೆ ಮೇಲೆ ತಪ್ಪು ಹೊರಿಸೋಕೆ ಇದಕ್ಕಿಂತ ಸುಲಭದ ಉಪಾಯ ಇಲ್ಲ, ಯಾಕೆ ಅಂದರೆ ಸಾಕ್ಷಿಯೇ ಬೇಕಿಲ್ಲ. 1976ರಲ್ಲಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ವೈಸ್ ಚಾನ್ಸಲರ್ ಆಗಿದ್ದಾಗ ಪವಾಡ, ಮೂಢನಂಬಿಕೆಗಳನ್ನ ಪರೀಕ್ಷಿಸೋಕೆ ಸಮಿತಿ ಮಾಡಿದರು. ಜನರ ಭಕ್ತಿಗೆ ಯಾಕೆ ಕೈ ಹಾಕ್ತಾರೆ ಅಂತ ಎಷ್ಟೋ ಜನ ಸಿಟ್ಟಾದರು. ನನಗೆ ಆಗ ನೆನಪಾದದ್ದು ಕೋಡುಬಳೆ ಹಿಡಿದು ನಿಂತವರು. ಪರೀಕ್ಷೆ ಬೇಕು ಅನ್ನೋದು ನಂಬೋರನ್ನ ನೋಯಿಸೋಕಲ್ಲ ಕಣೋ, ಅಂಥವರನ್ನ ಉಳಿಸೋಕೆ.

— ನಾನು ನಿದ್ದೆ ಮಾಡಬಹುದಾಗಿತ್ತು ಅಂತೀರಾ.

— ಮಾಡಬೇಕಾಗಿತ್ತು. ಒಳಗೆ ರಕ್ತ ತೆಳುವಾಗಿರೋಕೆ ಔಷಧಿ ಹೋಗ್ತಿದೆ, ಪೊಟಾಸಿಯಂ ನೋಡ್ತಿದ್ದಾರೆ, ಲಯ ತಪ್ಪಿದರೆ ಸರಿ ಮಾಡೋಕೆ ಪೇಸಿಂಗ್ ತಂತಿ ಹಾಕಿಟ್ಟಿರ್ತಾರೆ. ಹೆಸರೇ ಗೊತ್ತಿಲ್ಲದ ಒಬ್ಬ ಸಿಸ್ಟರ್ ಎಚ್ಚರ ಇದ್ದಾರೆ. ಭಾವನ ಹೃದಯದ ಕಾವಲು ನಿನ್ನೊಬ್ಬನ ಮೇಲಿಲ್ಲ.

— ಇಷ್ಟು ಹೊತ್ತು ಅಪ್ಪನ್ನ ಅಷ್ಟು ಗಟ್ಟಿಯಾಗಿ ನೆನೆದದ್ದು ಎಲ್ಲಿ ಹೋಯಿತು ಹಾಗಾದರೆ?

— ನಿನ್ನೊಳಗೇ ಇದೆ. ಒಳಗೆ ಬಿಟ್ಟಾಗ ನಿನ್ನ ಮುಖದಲ್ಲಿ ಇರುತ್ತೆ, ದನಿಯಲ್ಲಿ ಇರುತ್ತೆ. ಬೈಪಾಸ್‌ನದು ಬಂತಲ್ಲ, ಅದೇ 2006ರಲ್ಲಿ ಜೇಮ್ಸ್ ಕೋನ್ ಅನ್ನೋರು ಹದಿನಾರು ಹೆಂಗಸರನ್ನ ಸ್ಕ್ಯಾನರ್‌ನೊಳಗೆ ಮಲಗಿಸಿ, ಈಗ ಸಣ್ಣ ಶಾಕ್ ಬರಬಹುದು ಅಂತ ಸೂಚನೆ ತೋರಿಸಿ ಮಿದುಳು ನೋಡಿದರು. ಒಬ್ಬರೇ ಇದ್ದಾಗ ಭಯದ ಭಾಗಗಳು ಉರೀತಿದ್ದವು. ಅಪರಿಚಿತರು ಕೈ ಹಿಡಿದಾಗ ಸ್ವಲ್ಪ ತಗ್ಗಿತು. ಗಂಡ ಕೈ ಹಿಡಿದಾಗ ಇನ್ನೂ ತಗ್ಗಿತು. ಚೆನ್ನಾಗಿ ಬಾಳ್ತಿದ್ದ ಜೋಡಿಗಳಲ್ಲಿ ಇನ್ನೂ ಹೆಚ್ಚು. ಹದಿನಾರೇ ಜನ, ಸಣ್ಣ ಅಧ್ಯಯನ, ಅದನ್ನೂ ಹೇಳಿಬಿಡ್ತೀನಿ. ಆದರೆ ಇದರಲ್ಲಿ ದಾರಿ ಕಾಣುತ್ತೆ. ಚರ್ಮದಿಂದ ನರ, ನರದಿಂದ ಮಿದುಳು, ಅಲ್ಲಿಂದ ಹೃದಯಕ್ಕೆ ಇಳಿಯೋ ವೇಗಸ್ ನರ. ಇಡೀ ದಾರಿಯನ್ನ ನಾನು ಬೋರ್ಡಿನ ಮೇಲೆ ಬರೆದು ತೋರಿಸಬಲ್ಲೆ, ಮೂವತ್ತು ವರ್ಷ ಬರೆದಿದ್ದೀನಿ.

— ಕೈ ಹಿಡಿಯೋಕೆ ಬಿಡ್ತಾರಾ?

— ವೆಂಟಿಲೇಟರ್ ಸಂಜೆಯೇ ತೆಗೆದರಲ್ಲ. ಬಿಡ್ತಾರೆ. ಬೆಳಿಗ್ಗೆ ಆರೂವರೆಗೆ ಒಬ್ಬರನ್ನ ಐದು ನಿಮಿಷ ಅಂತ ಹೇಳಿದ್ದಾರೆ. ಅಕ್ಕ ಬರೋದು ಎಂಟಕ್ಕೆ. ನೀನು ಹೋಗು.

— ಅಪ್ಪನಿಗೆ ಏನು ಹೇಳಲಿ? ರಾತ್ರಿಯಿಡೀ ಕೂತಿದ್ದೆ ಅಂತ ಹೇಳಲಾ?

— 59ನ್ನ ಮನಸ್ಸಿನಲ್ಲಿ ಇಟ್ಟುಕೊಂಡು ಕೇಳ್ತಿದ್ದೀಯ.

— ಹೂಂ.

— ಚೆನ್ನಾಗಿ ನಿದ್ದೆ ಮಾಡಿದೆ ಅಂತ ಹೇಳು. ತೋಟಕ್ಕೆ ನೀರು ಬಿಟ್ಟಿದ್ದಾರೆ ಅಂತ ಹೇಳು. ಅವರಿಗೆ ಅದೇ ಚಿಂತೆ ಇರೋದು. ಈಗ ನಾಲ್ಕು ಗಂಟೆ. ಈ ಶಾಲು ಹೊದ್ದುಕೊಂಡು ಇಲ್ಲೇ ಕಾಲು ಚಾಚು. ಏನಾದರೂ ಕರೆದರೆ ನಾನು ಎಬ್ಬಿಸ್ತೀನಿ.

— ಚಿಕ್ಕಮ್ಮ.

— ಏನೋ?

— ಮಲಗಿದರೂ ಮನಸ್ಸು ಅಲ್ಲೇ ಹೋಗುತ್ತೆ.

— ಹೋಗಲಿ ಬಿಡು. ಹೋಗಬೇಡ ಅಂತ ನಾನು ಹೇಳಿದೆನಾ? ಮಲಕ್ಕೋ.

...

— ಏಳು. ಆರೂವರೆ ಆಯಿತು, ಸಿಸ್ಟರ್ ಕರೀತಿದ್ದಾರೆ. ಚಪ್ಪಲಿ ಇಲ್ಲೇ ಬಿಡು, ಒಳಗೆ ಬೇರೆ ಕೊಡ್ತಾರೆ. ಆ ಬಾಟಲಿಯದ್ದನ್ನ ಕೈಗೆ ಹಚ್ಚಿಕೋ, ಬೆರಳ ಸಂದಿಗೂ. ಕೊಡು ಇಲ್ಲಿ ನೋಡೋಣ. ಎಷ್ಟು ತಣ್ಣಗಿದೆ! ಹೀಗೇ ಹೋಗಿ ಮುಟ್ಟಬೇಡ. ಉಜ್ಜಿಕೋ. ಇನ್ನೂ ಸ್ವಲ್ಪ. ಹಾಂ, ಈಗ ಹೋಗು.